ಬಿಸಿಲಿಗೆ ಬರುವ ನೆರೆ: ಹಿಮಾಲಯದ ಹಳ್ಳ ದಾಟುವ ಮೊದಲು ಒಂದು ಕಲ್ಲಿಗೆ ಕುಂಕುಮ ಇಡಿ

ಕಾರವಾರದಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ದೆಹಲಿ, ಅಲ್ಲಿಂದ ಮನಾಲಿ ಎಂದು ಹೊರಡುವವರು ಈಗ ಜಾಸ್ತಿ ಆಗಿದ್ದಾರೆ. ಒಮ್ಮೆ ಹೋಗಿ ಬಂದವಳು ಎಂದು ಮೇ ತಿಂಗಳಲ್ಲಿ ನನಗೂ ಫೋನ್ ಬರುತ್ತದೆ. ಸ್ವೆಟರ್ ಎಷ್ಟು ಬೇಕು, ಅಲ್ಲಿ ಅನ್ನ ಸಿಗುತ್ತದಾ, ಉಪ್ಪಿನಕಾಯಿ ಒಯ್ಯಬೇಕಾ ಎಂದೆಲ್ಲ ಕೇಳುತ್ತಾರೆ. ಹೊಳೆಯ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಹೊಳೆ ದಂಡೆಯಲ್ಲೇ ಹುಟ್ಟಿದವರು ನಾವು, ನಮಗೆ ಯಾರು ಹೇಳಿಕೊಡಬೇಕು ಎಂಬ ಧೈರ್ಯ. ನನಗೂ ಅದೇ ಧೈರ್ಯ ಇತ್ತು.

ನಾನು ಕದ್ರಾ ಅಣೆಕಟ್ಟಿನ ಕೆಳಗೆ, ಕಾಳಿ ದಂಡೆಯ ಮನೆಯವಳು. ಮಳೆಗಾಲ ಹಿಡಿದ ಕೂಡಲೇ ಅಪ್ಪ ತೋಟದ ಅಂಚಿಗೆ ಒಂದು ಅಡಿಕೆ ದಬ್ಬೆ ಹುಗಿಯುತ್ತಿದ್ದರು. ಅದಕ್ಕೆ ಕತ್ತಿಯಲ್ಲಿ ಗೇಣಿಗೊಂದು ಕಚ್ಚು. ರಾತ್ರಿ ನಡುವೆ ಎದ್ದು, ಜಗಲಿಯಿಂದಲೇ ಟಾರ್ಚ್ ಬಿಟ್ಟು, ‘ಎಷ್ಟು ಕಚ್ಚು ಕಾಣ್ತದೆ ನೋಡು’ ಎಂದು ನನ್ನನ್ನು ಎಬ್ಬಿಸುತ್ತಿದ್ದರು. ಐದು ಕಂಡರೆ ಮತ್ತೆ ಮಲಗುವುದು. ಮೂರು ಕಂಡರೆ ಕೊಟ್ಟಿಗೆಯ ದನ ಬಿಚ್ಚುವುದು. ಆಕಾಶ ನೋಡಿ ಅವರು ಯಾವತ್ತೂ ತೀರ್ಮಾನ ಮಾಡಿದವರಲ್ಲ. ಜೋಯಿಡಾ ಕಡೆ ಮಳೆ ಸುರಿದು ಕದ್ರಾದ ಕ್ರೆಸ್ಟ್ ಗೇಟ್ ಎತ್ತಿದರೆ, ನಮ್ಮ ತಲೆ ಮೇಲೆ ಮೋಡ ಇರಲಿ ಬಿಡಲಿ, ನೀರು ಬಂದೇ ಬರುತ್ತದೆ. 2019ರ ಆಗಸ್ಟ್‌ನಲ್ಲಿ ನಮ್ಮಲ್ಲಿ ಮಳೆ ಸ್ವಲ್ಪ ಹೊಳವಾಗಿದ್ದ ಹೊತ್ತಿನಲ್ಲೇ ಹೊಳೆ ಅಂಗಳಕ್ಕೆ ಬಂದಿತ್ತು.

ಹಿಮಾಲಯದಲ್ಲಿ ಬೇಸಿಗೆಯ ಹೊಳೆಗಳದ್ದೂ ಇದೇ ಆಟ. ಅಲ್ಲಿ ಗೇಟ್ ಎತ್ತುವುದು ಬಿಸಿಲು. ಸೈರನ್ ಇಲ್ಲ, ಡಂಗುರ ಇಲ್ಲ, ಕಾಳಜಿ ಕೇಂದ್ರಕ್ಕೆ ಹೋಗಿ ಎಂದು ಪಂಚಾಯ್ತಿಯವರು ಬಂದು ಹೇಳುವುದೂ ಇಲ್ಲ.

ನಾವು ಸಿಕ್ಕಿಬಿದ್ದ ಕಥೆ

ಜೂನ್ ನಡುವೆ ಮನಾಲಿಯಿಂದ ಸ್ಪಿತಿಯ ಕಾಜಾಕ್ಕೆ ಹೊರಟಿದ್ದೆವು. ಅಟಲ್ ಸುರಂಗ ದಾಟಿ, ಕೋಕ್ಸರ್ ಬಿಟ್ಟು, ಗ್ರಾಂಫೂ ಕಡೆಯಿಂದ ಚಂದ್ರಾ ನದಿಯ ಪಕ್ಕದ ದಾರಿ. ದಾರಿ ಎಂದರೆ ಕಲ್ಲು. ಮೇಲಿನ ಹಿಮದಿಂದ ಇಳಿಯುವ ಹಳ್ಳಗಳು ಅಲ್ಲಲ್ಲಿ ರಸ್ತೆಯ ಮೇಲೆಯೇ ಹರಿದು ಚಂದ್ರಾಕ್ಕೆ ಬೀಳುತ್ತವೆ. ಅವಕ್ಕೆ ಅಲ್ಲಿಯವರು ನಾಲಾ ಎನ್ನುತ್ತಾರೆ. ಮನಾಲಿ–ಲೇಹ್ ದಾರಿಯ ಒಂದಕ್ಕೆ ಪಾಗಲ್ ನಾಲಾ ಎಂದೇ ಹೆಸರು, ಹುಚ್ಚು ಹಳ್ಳ. ಯಾಕೆ ಆ ಹೆಸರು ಎಂದು ಆಮೇಲೆ ಅರ್ಥವಾಯಿತು.

ಟೂರ್ ಬುಕ್ ಮಾಡಿಕೊಟ್ಟವರು ‘ಆರಾಮಾಗಿ ತಿಂಡಿ ತಿಂದು 10ಕ್ಕೆ ಹೊರಡಿ’ ಎಂದು ಬರೆದುಕೊಟ್ಟಿದ್ದರು. ಚಾಲಕ ಹುಡುಗ ಹಿಂದಿನ ರಾತ್ರಿಯೇ 4 ಗಂಟೆಗೆ ಹೊರಡೋಣ ಎಂದಿದ್ದ. ನಾವು ಕೇಳಲಿಲ್ಲ. ರಜೆಯಲ್ಲಿ ಬಂದು ಬೆಳಗಿನ ಜಾವ ಏಳುವುದೆಂದರೆ ಯಾರಿಗೆ ಬೇಕು? ಹಳ್ಳ ಮುಟ್ಟಿದಾಗ ಮಧ್ಯಾಹ್ನ 3 ಗಂಟೆ. ಆಕಾಶ ನೀಲಿ, ಬಿಸಿಲು ಚುರುಚುರು. ಹಳ್ಳ ಮಾತ್ರ ಬೂದಿ ಕದಡಿದ ಬಣ್ಣದಲ್ಲಿ ಗುಡುಗುತ್ತಿತ್ತು. ನಮ್ಮ ಮುಂದೆ ಹೋದ ಸಣ್ಣ ಕಾರೊಂದು ನಡುನೀರಿನಲ್ಲಿ ಕೆಮ್ಮಿ ನಿಂತಿತು. ಆಚೆ ದಡದ ಲಾರಿಯವರು ಹಗ್ಗ ಕಟ್ಟಿ ಎಳೆದರು.

‘ನೀರು ಅಷ್ಟೇನಿಲ್ಲ, ನಮ್ಮದು ದೊಡ್ಡ ಗಾಡಿ’ ಎಂದರು ನಮ್ಮ ಮನೆಯವರು. ನನಗೆ ಅಪ್ಪನ ದಬ್ಬೆ ನೆನಪಾಯಿತು. ಹುಗಿಯಲು ಅಲ್ಲಿ ಕೋಲು ಎಲ್ಲಿ, ಮಣ್ಣು ಎಲ್ಲಿ? ಬ್ಯಾಗಿನಲ್ಲಿ ಕುಂಕುಮದ ಡಬ್ಬಿ ಇತ್ತು. ನೀರಿನ ಅಂಚಿಗೆ ಅಲುಗಾಡದ ಒಂದು ದೊಡ್ಡ ಬಂಡೆ ಹುಡುಕಿ, ನೀರಿಗಿಂತ ಒಂದು ಗೇಣು ಮೇಲೆ ಬೊಟ್ಟು ಇಟ್ಟೆ. ಪೂಜೆ ಮಾಡುತ್ತಿದ್ದಾಳೆ ಎಂದುಕೊಂಡು ಚಾಲಕ ಚಪ್ಪಲಿ ಬಿಟ್ಟು ಕೈ ಮುಗಿದ! ನಾನೂ ತಿದ್ದಲು ಹೋಗಲಿಲ್ಲ, ಕೈ ಮುಗಿದರೆ ನಷ್ಟ ಏನು. ಆಗ 3.15. ಮುಕ್ಕಾಲು ಗಂಟೆಯಲ್ಲಿ ನಾಲ್ಕು ಬೆರಳು ಏರಿತು. 4.45ಕ್ಕೆ ಬೊಟ್ಟು ನೀರೊಳಗೆ. ಮೋಡದ ಒಂದು ಚೂರೂ ಇರಲಿಲ್ಲ.

ಆ ರಾತ್ರಿ ಛತ್ರುವಿನ ಢಾಬಾದ ಟೆಂಟಿನಲ್ಲಿ ರಾಜ್ಮಾ ಅನ್ನ ತಿಂದು, ಮೂರು ಮೂರು ರಜಾಯಿ ಹೊದ್ದು ನಡುಗಿದೆವು. ಬೆಳಿಗ್ಗೆ 5.30ಕ್ಕೆ ಹೋಗಿ ನೋಡಿದರೆ ಹುಚ್ಚು ಬಿಟ್ಟಿತ್ತು. ಬಂಡೆಯ ಬುಡವೇ ಒಣಗಿತ್ತು. ಬಿರುಕಿನಲ್ಲಿ ಒಂದು ಚಿಟಿಕೆ ಕೆಂಪು ಉಳಿದಿತ್ತು. ಗಾಡಿ ಚಕ್ರದ ಅರ್ಧವೂ ಮುಳುಗದೆ ದಾಟಿತು.

ಹೀಗೆ ಯಾಕೆ ಆಗುತ್ತದೆ

ಇದು ತಿಳಿದಿದ್ದರೆ ಉಳಿದದ್ದೆಲ್ಲ ನೀವೇ ಲೆಕ್ಕ ಹಾಕಬಹುದು. ಹಿಮ ಸುಲಭಕ್ಕೆ ಕರಗುವ ವಸ್ತು ಅಲ್ಲ. ಸೊನ್ನೆ ಡಿಗ್ರಿಯ ಒಂದು ಕಿಲೋ ಮಂಜುಗಡ್ಡೆ ಬರೀ ನೀರಾಗಲು ಬೇಕಾದ ಶಾಖದಲ್ಲಿ ಒಂದು ಲೀಟರ್ ತಣ್ಣೀರನ್ನು ಸೊನ್ನೆಯಿಂದ 80 ಡಿಗ್ರಿಯವರೆಗೆ ಕಾಯಿಸಬಹುದು. ಬಚ್ಚಲ ಹಂಡೆಗೆ ಬೆಂಕಿ ಹಾಕಿದವರಿಗೆ ಅದು ಎಷ್ಟು ಕಟ್ಟಿಗೆ ಎಂದು ಗೊತ್ತು. ಹಾಗಾಗಿ ಒಂದು ದಿನದ ಬಿಸಿಲಿಗೆ ಬೆಟ್ಟವೆಲ್ಲ ಹರಿದು ಬರುವುದಿಲ್ಲ.

ಮೊದಲು ಹಿಮ ನೆನೆಯಬೇಕು. ಒಣ ಗೋಣಿಚೀಲದ ಮೇಲೆ ನೀರು ಹಾಕಿ ನೋಡಿ. ಮೊದಲಿನ ಒಂದೆರಡು ಚೊಂಬು ಎಲ್ಲಿ ಹೋಯಿತು ಎಂದೇ ಗೊತ್ತಾಗುವುದಿಲ್ಲ. ಪೂರ್ತಿ ನೆಂದ ಮೇಲೆ ಹಾಕಿದಷ್ಟೂ ಕೆಳಗೆ ಸುರಿಯುತ್ತದೆ. ಹಿಮವೂ ಹಾಗೆಯೇ. ಸೆಕೆಯ ಮೊದಲ ದಿನ ಹೊಳೆ ಸುಮ್ನೆ ಇರುತ್ತದೆ, ಮೂರನೇ ನಾಲ್ಕನೇ ದಿನ ಏರುತ್ತದೆ. ಹೊಸದಾಗಿ ಬಿದ್ದ ಹಿಮದ ಒಂದು ಮೀಟರ್ ಕರಗಿದರೆ ಸುಮಾರು 10 ಸೆಂಟಿಮೀಟರ್ ನೀರು. ಚಳಿಗಾಲವಿಡೀ ಕುಸಿದು ಗಟ್ಟಿಯಾದ ಹಿಮದ ಒಂದು ಮೀಟರ್‌ನಲ್ಲಿ 30ರಿಂದ 50 ಸೆಂಟಿಮೀಟರ್ ನೀರಿರುತ್ತದೆ. ಹಳೆ ಹಿಮ ಕೊಳೆಯಾಗಿರುತ್ತದೆ ಕೂಡ. ಹೊಸ ಬಿಳಿ ಹಿಮ ಬಿಸಿಲಿನ ನೂರಕ್ಕೆ 80–90 ಪಾಲನ್ನು ವಾಪಸ್ ಎರಚಿಬಿಡುತ್ತದೆ. ಧೂಳು ಕೂತ ಹಿಮ ಅರ್ಧದಷ್ಟು ಬಿಸಿಲನ್ನು ಕುಡಿಯುತ್ತದೆ. ಕಪ್ಪು ಕೊಡೆ, ಬಿಳಿ ಕೊಡೆ ಲೆಕ್ಕ.

ಒಂದು ಅಂದಾಜು ಹೇಳುತ್ತೇನೆ. ಹಿಮ ಇರುವ ಜಾಗದಲ್ಲಿ ದಿನದ ಸರಾಸರಿ ಉಷ್ಣಾಂಶ ಸೊನ್ನೆಗಿಂತ ಒಂದು ಡಿಗ್ರಿ ಮೇಲಿದ್ದರೆ ಆ ದಿನ ಸುಮಾರು 3ರಿಂದ 6 ಮಿಲಿಮೀಟರ್ ನೀರು ಇಳಿಯುತ್ತದೆ. ಸರಾಸರಿ 8 ಡಿಗ್ರಿ ಇದ್ದರೆ 24ರಿಂದ 48 ಮಿಲಿಮೀಟರ್. ವರ್ಷಕ್ಕೆ 3,000 ಮಿಲಿಮೀಟರಿನ ಆಸುಪಾಸು ಮಳೆ ನೋಡುವ ಕಾರವಾರದವರಿಗೆ ಇದು ಮಳೆಯೇ ಅಲ್ಲ. ಆದರೆ ಅಲ್ಲಿ ಕುಡಿಯಲು ಕಾಡಿಲ್ಲ, ಗದ್ದೆಯಿಲ್ಲ. ಇಡೀ ಬೆಟ್ಟದ ಮೈಯಿಂದ ಒಟ್ಟಿಗೆ, ದಿನ ಬಿಡದೆ, ಒಂದೇ ಕಲ್ಲಿನ ಓಣಿಗೆ ಇಳಿಯುತ್ತದೆ.

ಹೊರಡುವ ಮೊದಲು: ಹಗಲಿಗಿಂತ ರಾತ್ರಿಯ ಉಷ್ಣಾಂಶ ನೋಡಿ

ಎಲ್ಲರೂ ಹಗಲು ಎಷ್ಟು ಡಿಗ್ರಿ ಎಂದು ನೋಡುತ್ತಾರೆ. ನೋಡಬೇಕಾದದ್ದು ರಾತ್ರಿಯದ್ದು. ರಾತ್ರಿ ಹಿಮ ಮತ್ತೆ ಹೆಪ್ಪುಗಟ್ಟಿದರೆ ಹಳ್ಳಕ್ಕೆ ಬಿಡುವು ಸಿಗುತ್ತದೆ. ಬೆಳಿಗ್ಗೆ ಬಿಸಿಲು ಮೊದಲು ಆ ಹೆಪ್ಪನ್ನು ಬಿಡಿಸಬೇಕು, ಆಮೇಲೆ ನೀರು. ರಾತ್ರಿಯೂ ಬೆಚ್ಚಗಿದ್ದರೆ ಆ ಬಿಡುವಿಲ್ಲ. ನಿನ್ನೆಯ ನೀರು ಇಳಿಯುವ ಮೊದಲೇ ಇವತ್ತಿನದ್ದು ಸೇರುತ್ತದೆ.

ಲೆಕ್ಕ ಹೀಗೆ. ಎತ್ತರ ಏರಿದ ಹಾಗೆ 1,000 ಮೀಟರಿಗೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಮನಾಲಿ ಇರುವುದು ಸುಮಾರು 2,050 ಮೀಟರ್ ಎತ್ತರದಲ್ಲಿ. ಬೆಳಗಿನ ಜಾವ ಅಲ್ಲಿ 6.5 ಡಿಗ್ರಿ ಎಂದರೆ 3,050 ಮೀಟರಿನಿಂದ ಮೇಲೆಲ್ಲ ಹೆಪ್ಪು ಕಟ್ಟಿದೆ. 13 ಡಿಗ್ರಿ ಎಂದರೆ 4,050 ಮೀಟರಿನಿಂದ ಮೇಲೆ ಮಾತ್ರ. ನಡುವಿನ ಸಾವಿರ ಮೀಟರಿನ ಹಿಮ ರಾತ್ರಿಯಿಡೀ ಸೋರುತ್ತಲೇ ಇದೆ. ಇದು ಅಂದಾಜು ಅಷ್ಟೇ. ನಕ್ಷತ್ರ ಕಾಣುವ ರಾತ್ರಿ ಹಿಮ ಶಾಖ ಬಿಟ್ಟುಕೊಟ್ಟು ಇನ್ನೂ ಚೆನ್ನಾಗಿ ಹೆಪ್ಪಾಗುತ್ತದೆ. ಮೋಡ ಕವಿದ ರಾತ್ರಿ ಹಿಮಕ್ಕೆ ಕಂಬಳಿ ಹೊದಿಸಿದ ಹಾಗೆ. ಮೂರು ರಾತ್ರಿ ಸಾಲಾಗಿ ಬೆಚ್ಚಗಿದ್ದು ಮೋಡವೂ ಇದ್ದರೆ ನಾನಂತೂ ಆ ದಾರಿಗೆ ಹೋಗುವುದಿಲ್ಲ. ಮನಾಲಿಯಲ್ಲೇ ಇನ್ನೊಂದು ದಿನ ಸೇಬಿನ ತೋಟ ನೋಡಿಕೊಂಡು ಕೂರುತ್ತೇನೆ.

ಅದರ ಮೇಲೆ ಮಳೆ ಬಂದರೆ? ಬೆಚ್ಚಗಿನ ಮಳೆ ಹಿಮವನ್ನು ಕರಗಿಸಿಬಿಡುತ್ತದೆ ಎಂದು ನಾನು ತಿಳಿದಿದ್ದೆ. ಲೆಕ್ಕ ಹಾಕಿದರೆ ಹಾಗಲ್ಲ. 10 ಡಿಗ್ರಿಯ 10 ಮಿಲಿಮೀಟರ್ ಮಳೆ ತನ್ನ ಶಾಖದಿಂದ ಕರಗಿಸುವುದು ಒಂದೂಕಾಲು ಮಿಲಿಮೀಟರ್ ನೀರಿನಷ್ಟು ಮಾತ್ರ. ನಿಜವಾದ ಕಿಲಾಡಿ ಮಳೆ ಜೊತೆ ಬರುವ ಒದ್ದೆ ಬಿಸಿ ಗಾಳಿ. ಗಾಳಿಯ ಆವಿ ಹಿಮದ ಮೇಲೆ ಬೆವರಿನ ಹಾಗೆ ಕೂರುತ್ತದಲ್ಲ, ಹಾಗೆ ಕೂತ ಒಂದು ಗ್ರಾಂ ಆವಿ ಏಳೂವರೆ ಗ್ರಾಂ ಹಿಮ ಕರಗಿಸುವಷ್ಟು ಶಾಖ ಬಿಡುತ್ತದೆ. ಮಳೆನೀರು, ಕರಗಿದ ನೀರು ಎರಡೂ ನೆಂದ ಗೋಣಿಚೀಲದಿಂದ ಒಟ್ಟಿಗೆ ಇಳಿಯುತ್ತವೆ. 2013ರ ಜೂನ್ 16–17ರಂದು ಕೇದಾರನಾಥದಲ್ಲಿ ಹಿಮ ಇನ್ನೂ ಇದ್ದಾಗಲೇ ಭಾರೀ ಮಳೆ ಸುರಿದು, ಮೇಲಿನ ಚೋರಾಬಾರಿ ಸರೋವರದ ಕಟ್ಟೆಯೂ ಒಡೆಯಿತು. ಮಳೆ ಮುನ್ಸೂಚನೆ ಇದ್ದರೆ ಮೇಲಿನ ಡಿಗ್ರಿ ಲೆಕ್ಕವನ್ನೆಲ್ಲ ಬದಿಗಿಡಿ. ಹೋಗಬೇಡಿ, ಅಷ್ಟೇ.

ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ನಮಗೆ ಹೊಸದಲ್ಲ. ಅದೇ ಬಣ್ಣಗಳು ಅಲ್ಲಿಯೂ. ಸಚೇತ್ ಆ್ಯಪ್ ಹಾಕಿಕೊಂಡರೆ ನೀವಿರುವ ಜಾಗದ ಎಚ್ಚರಿಕೆ ಮೊಬೈಲಿಗೇ ಬರುತ್ತದೆ. ದೊಡ್ಡ ನದಿಗಳ ಮಟ್ಟವನ್ನು ಕೇಂದ್ರ ಜಲ ಆಯೋಗದ ಫ್ಲಡ್‌ವಾಚ್ ಇಂಡಿಯಾ ಆ್ಯಪ್‌ನಲ್ಲಿ ನೋಡಬಹುದು. ಆದರೆ ಸಣ್ಣ ಹಳ್ಳ ಯಾವ ಆ್ಯಪ್‌ನಲ್ಲೂ ಇರುವುದಿಲ್ಲ. ನೆಟ್‌ವರ್ಕ್ ಕೂಡ ಎಲ್ಲ ಕಡೆ ಸಿಗುವುದಿಲ್ಲ. ಎದುರಿನಿಂದ ಬರುವ ಲಾರಿ ಚಾಲಕರನ್ನು ಕೇಳುವುದೇ ಸೈ.

ಎಷ್ಟು ಗಂಟೆಗೆ ದಾಟಬೇಕು

ಹಿಮಕ್ಕೆ ಹತ್ತಿರ ಇರುವ ಸಣ್ಣ ಹಳ್ಳವಾದರೆ ಬೆಳಕು ಹರಿದ ಕೂಡಲೇ. ತುಂಬಿ ಹರಿಯುವುದು ಮಧ್ಯಾಹ್ನ 3ರಿಂದ ಸಂಜೆ 6ರ ಸುಮಾರಿಗೆ. 10 ಗಂಟೆಯೊಳಗೆ ಕೊನೆಯ ಹಳ್ಳ ದಾಟಿರುವ ಹಾಗೆ ಹೊರಡುವ ಹೊತ್ತು ಇಟ್ಟುಕೊಳ್ಳಿ. ಮಧ್ಯಾಹ್ನ ಆಗಿಹೋಯಿತಾ? ರಾತ್ರಿ ಅಲ್ಲೇ ಉಳಿಯಿರಿ. ಅದಕ್ಕೇ ಅಲ್ಲಿ ಢಾಬಾಗಳಿವೆ.

ಇಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಬೆಳಿಗ್ಗೆ ನೀರು ಕಡಿಮೆ ಎಂಬ ಮಾತನ್ನು ಕೆಳಗಿನ ದೊಡ್ಡ ನದಿಗೂ ಹಚ್ಚುತ್ತಾರೆ. ಮೇಲೆ ಮಧ್ಯಾಹ್ನ ಕರಗಿದ ನೀರು ಕೆಳಗಿನ ಕಣಿವೆಗೆ ನಡೆದು ಬರಲು ಹೊತ್ತು ಬೇಕು. ಹಿಮದಿಂದ ದೂರ ಹೋದಷ್ಟೂ ನೀರೇರುವ ಹೊತ್ತು ಮುಂದೆ ಹೋಗುತ್ತದೆ. ಎಷ್ಟೋ ಕಡೆ ಅದು ನಡುರಾತ್ರಿ, ಇಲ್ಲವೇ ಬೆಳಗಿನ ಜಾವ. ಸಂಜೆ ನದಿ ಶಾಂತವಾಗಿದೆ ಎಂದು ದಂಡೆಯ ಮರಳಿನಲ್ಲಿ ಟೆಂಟ್ ಹಾಕಿದವರು ರಾತ್ರಿ ಎದ್ದು ಓಡಿದ್ದಾರೆ. ಉಬ್ಬರ ಇಳಿತಕ್ಕೆ ಕಡಲ ದಂಡೆಯ ಮಾಜಾಳಿಯಲ್ಲೊಂದು ಹೊತ್ತು, ಹೊಳೆಯೊಳಗೆ ಕದ್ರಾ ಕಡೆ ಬಂದರೆ ಇನ್ನೊಂದು ಹೊತ್ತು ಇರುವುದಿಲ್ಲವಾ, ಹಾಗೆ.

ಅಣೆಕಟ್ಟಿದ್ದ ನದಿಗೆ ಈ ಗಡಿಯಾರವೂ ನಡೆಯುವುದಿಲ್ಲ. 2014ರ ಜೂನ್ 8ರ ಸಂಜೆ ಬಿಯಾಸ್ ನದಿಯಲ್ಲಿ, ಮಂಡಿ ಜಿಲ್ಲೆಯ ಥಲೋಟ್ ಬಳಿ, ಹೈದರಾಬಾದಿನಿಂದ ಪ್ರವಾಸಕ್ಕೆ ಬಂದ 24 ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. ಕಲ್ಲಿನ ಮೇಲೆ ನಿಂತು ಫೋಟೊ ತೆಗೆದುಕೊಳ್ಳುತ್ತಿದ್ದರು. ಮೇಲಿನ ಲಾರ್ಜಿ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಕದ್ರಾ ಕೆಳಗೆ ಬೆಳೆದ ಮಕ್ಕಳಾಗಿದ್ದರೆ ನೀರಿನ ಸದ್ದು ಬದಲಾದಾಗಲೇ ಮೇಲೆ ಹತ್ತುತ್ತಿದ್ದರೇನೋ ಎಂದು ನನಗೆ ಅನಿಸುತ್ತದೆ. ಅನಿಸುತ್ತದೆ ಅಷ್ಟೇ, ಇಪ್ಪತ್ತರ ವಯಸ್ಸಿನಲ್ಲಿ ನಾನೂ ಕ್ಯಾಮೆರಾ ಕಡೆಗೇ ನೋಡುತ್ತಿದ್ದೆ.

ಹಳ್ಳದ ಮುಂದೆ ನಿಂತಾಗ

ಗಾಡಿಯಿಂದ ಇಳಿಯಿರಿ. ಮೊದಲು ಬಂಡೆಗಳ ಅಂಚು ನೋಡಿ. ನೀರಿನ ಮೇಲೆ ಬಂಡೆಗೆ ಒದ್ದೆಯ ಪಟ್ಟಿ ಇದ್ದರೆ ನೀರು ಇಳಿಯುತ್ತಿದೆ. ಒಣ ಕಲ್ಲು ನೇರ ನೀರಿಗೆ ಮುಟ್ಟಿದ್ದರೆ ಏರುತ್ತಿದೆ, ಇಲ್ಲವೇ ನಿಂತಿದೆ. ಸಿಡಿಯುವ ಹನಿಯಿಂದ ಮೋಸ ಹೋಗುವುದುಂಟು. ಅದಕ್ಕೇ ಗುರುತು. ಕುಂಕುಮ ಬೇಡ ಎಂದರೆ ಉಗುರು ಬಣ್ಣ, ಸೀಮೆಸುಣ್ಣ, ಒಂದರ ಮೇಲೊಂದು ಇಟ್ಟ ಕಲ್ಲು, ಏನಾದರೂ ಸರಿ. ಅಲುಗಾಡದ ಬಂಡೆ ಆಗಿರಬೇಕು. ಹೊತ್ತು ಬರೆದುಕೊಳ್ಳಿ. ಚಹಾ ಕುಡಿಯಿರಿ. ಅರ್ಧ ಗಂಟೆ ಬಿಟ್ಟು ಬೆರಳಲ್ಲಿ ಅಳೆಯಿರಿ. ಏರುತ್ತಿದ್ದರೆ ದಾಟುವ ಮಾತು ಬೇಡ.

ಬಣ್ಣ ನೋಡಿ, ಸದ್ದು ಕೇಳಿ. ನೀರ್ಗಲ್ಲಿನಿಂದ (ಗ್ಲೇಸಿಯರ್) ಬರುವ ಹಳ್ಳ ಯಾವಾಗಲೂ ಬೂದುಹಾಲಿನ ಬಣ್ಣದ್ದು, ಕಲ್ಲು ಅರೆದ ಹಿಟ್ಟು ಅದರಲ್ಲಿರುತ್ತದೆ. ಅದಕ್ಕೆ ಹೆದರಬೇಕಿಲ್ಲ. ಆದರೆ ನೋಡುತ್ತಾ ಇದ್ದಂತೆ ಕೆಸರಾದರೆ, ಕಡ್ಡಿಕಸ ತೇಲಿ ಬಂದರೆ, ನೀರಡಿಯಲ್ಲಿ ಕಲ್ಲುಗಳು ಡಬಡಬ ಉರುಳುವ ಸದ್ದು ಬಂದರೆ ಹಿಂದೆ ಸರಿಯಿರಿ.

ಎಲ್ಲಕ್ಕಿಂತ ಕೆಟ್ಟದ್ದು ಹೊಳೆ ಇದ್ದಕ್ಕಿದ್ದಂತೆ ಇಳಿಯುವುದು. ಮೇಲೆಲ್ಲೋ ಮಣ್ಣು, ಹಿಮ ಕುಸಿದು ನೀರಿಗೆ ಅಡ್ಡ ಕಟ್ಟೆ ಬಿದ್ದಿರಬಹುದು. ಆ ಕಟ್ಟೆ ಒಡೆದರೆ ಎಲ್ಲ ಒಂದೇ ಸಲ ಬರುತ್ತದೆ. ಗುಡ್ಡದ ಮಣ್ಣು ಹೊಳೆಗೆ ಬಿದ್ದರೆ ನೀರು ಏನು ಮಾಡುತ್ತದೆ ಎಂದು ಅಂಕೋಲೆಯವರಿಗೆ ಬೇರೆ ಹೇಳಬೇಕಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಗಂಗಾವಳಿಗೆ ಕುಸಿದಾಗ ಎದುರು ದಡದ ಉಳುವರೆಯ ಮನೆಗಳಿಗೆ ನೀರು ನುಗ್ಗಿತು. ನೀರು ಇಳಿಯಿತು, ಈಗ ದಾಟೋಣ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಎತ್ತರಕ್ಕೆ ಹತ್ತಿ.

ಗಾಡಿಯ ವಿಷಯದಲ್ಲಿ ನನಗೆ ಗೊತ್ತಿರುವುದು ಮೂರೇ ಅಂಕೆ. ಓಡುವ ನೀರು 15 ಸೆಂಟಿಮೀಟರ್ ಇದ್ದರೆ ನಿಂತ ಮನುಷ್ಯನನ್ನು ಬೀಳಿಸಬಹುದು. 30 ಸೆಂಟಿಮೀಟರ್ ಸಣ್ಣ ಕಾರನ್ನು ತೇಲಿಸಬಹುದು. 60 ಸೆಂಟಿಮೀಟರ್ ಆದರೆ ದೊಡ್ಡ ಗಾಡಿಗಳನ್ನೂ ಒಯ್ಯುತ್ತದೆ. ನೀರಿನ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು. ಮೊಣಕಾಲಿನಷ್ಟು ತಾನೇ ಎನ್ನುವಾಗ ಇದನ್ನು ನೆನಪಿಡಿ. ಈಜು ಬರುತ್ತದೆ ಎಂಬ ಲೆಕ್ಕ ಅಲ್ಲಿ ಇಲ್ಲವೇ ಇಲ್ಲ. ಆ ನೀರು ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲೆ ಅಷ್ಟೇ. ಬಿದ್ದ ಕೂಡಲೇ ಉಸಿರು ಹಿಡಿಯುತ್ತದೆ, ಸ್ವಲ್ಪ ಹೊತ್ತಿನಲ್ಲೇ ಬೆರಳು ಮಡಚಲು ಬರುವುದಿಲ್ಲ. ಕಾಳಿಯಲ್ಲಿ ಈಸಿದ ನಮ್ಮವರು ಇಲ್ಲಿಯೇ ಎಡವುವುದು.

ನಡೆದು ದಾಟಲೇಬೇಕಾದರೆ ಅಗಲವಾಗಿ ಹರಡಿ ಹರಿಯುವ ಕಡೆ ದಾಟಿ. ಕಿರಿದಾದ ಜಾಗ ಆಸೆ ಹುಟ್ಟಿಸುತ್ತದೆ, ಅಲ್ಲೇ ಆಳ ಇರುವುದು. ಶೂ ಬಿಚ್ಚಬೇಡಿ. ಆದರೆ ಬೆನ್ನಚೀಲದ ಸೊಂಟದ ಪಟ್ಟಿ, ಎದೆಯ ಪಟ್ಟಿ ಬಿಚ್ಚಿ, ಬಿದ್ದರೆ ಚೀಲ ಕಳಚಬೇಕು. ಕೋಲು ಹಿಡಿದು, ಮುಖ ನೀರು ಬರುವ ಕಡೆಗೆ ಮಾಡಿ, ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆ ಹಾಕಿ.

ಉಳಿಯುವ ಜಾಗ ಆರಿಸುವುದು ನಮಗೆ ಸುಲಭ. ನೆರೆ ಇಳಿದ ಮೇಲೆ ನಮ್ಮ ಬಿದಿರು ಹಿಂಡಿಲಿನಲ್ಲಿ ಪ್ಲಾಸ್ಟಿಕ್, ಹುಲ್ಲು ಎಷ್ಟು ಎತ್ತರಕ್ಕೆ ಸಿಕ್ಕಿಕೊಂಡಿದೆ ಎಂದು ನೋಡುತ್ತೇವಲ್ಲ, ಅದೇ ಕಣ್ಣು ಅಲ್ಲಿಯೂ ಸಾಕು. ಪೊದೆಗೆ ಸಿಕ್ಕ ಕಡ್ಡಿ, ಎಲೆಯ ಮೇಲೆ ಒಣಗಿದ ಕೆಸರು, ಪಾಚಿ ಹಿಡಿಯದ ಬಿಳಿ ಬೋಳು ಬಂಡೆ, ಇವಿಷ್ಟೂ ನೀರು ಇತ್ತೀಚೆಗೆ ಬಂದುಹೋದ ಗುರುತು. ಅವಕ್ಕಿಂತ ಮೇಲೆ ಮಲಗಿ. ತುರ್ತಿಗೆ ಅಲ್ಲಿಯೂ 112.

ಕಳೆದ ಜೂನ್‌ನಲ್ಲಿ ಅಕ್ಕನ ಮಗ ಗೆಳೆಯರ ಜೊತೆ ಅದೇ ದಾರಿಯಲ್ಲಿ ಹೋಗಿದ್ದ. ಈ ಎಲ್ಲ ಕೊರೆತ ಕೇಳಿಸಿಕೊಂಡೇ ಹೋದವನು. ಕಾಜಾ ಮುಟ್ಟಿದ ಮೇಲೆ ಫೋನ್ ಮಾಡಿದ.

‘ಚಿಕ್ಕಿ, ನಮ್ಮತ್ರ ಕುಂಕುಮ ಇರ್ಲಿಲ್ಲ. ಟೂತ್‌ಪೇಸ್ಟ್ ಹಚ್ಚಿದ್ವಿ.’

‘ಎಷ್ಟು ಏರಿತ್ತು?’

‘ಸಂಜೆ ಆರು ಬೆರಳು. ಛತ್ರುವಲ್ಲೇ ಉಳಿದ್ವಿ. ಬೆಳಿಗ್ಗೆ ನೋಡಿದ್ರೆ ಒಂದು ಗೇಣು ಇಳಿದಿತ್ತು.’

ರಾಜ್ಮಾ ಹೇಗಿತ್ತು ಎಂದು ಕೇಳಿದೆ. ಉಪ್ಪು ಕಡಿಮೆ ಅಂತೆ.